ದೋಣಿಯವನ ಎರಡನೆಯ ಮಾತು

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಲೇ, ಅಥವಾ ನನ್ನದೊಂದು ಮಾತು ಸೇರಿಸಲೇ? ಸೇರಿಸಿದರೆ ಅದು ಸುಳ್ಳಾಗುತ್ತದೆಯೇ? ವಿಡಿಯೋ ಗೇಮಿನ ಪುಟ್ಟ ಪರದೆಯ ಮೇಲೆ ಟೋಪಿ ಹಾಕಿಕೊಂಡ ದೋಣಿಯವನೊಬ್ಬ ಇಂಗ್ಲಿಷಿನಲ್ಲಿ ಎರಡು ಸಣ್ಣ ವಾಕ್ಯ ಆಡಿ, ನಿಂತಲ್ಲೇ ಕಾಲು ಮೇಲೆ ಕೆಳಗೆ ಮಾಡುತ್ತ ಕಾಯುತ್ತಿದ್ದ. ನನ್ನ ಸೋದರಮಾವ ಪಾಲಾಕ್ಷಪ್ಪ, ತನ್ನ ಬೀಗ ರಿಪೇರಿ ಅಂಗಡಿಯ ಗೋಣಿಚೀಲದ ಮೇಲೆ ಕೂತು, ದೋಣಿಯವನನ್ನು ಬಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದ. "ಹೇಳಲೇ ಕೊಟ್ರಾ, ಏನಂದ? ಈಗ ಬೇರೆ ಮಾತು ಅಂದ್ನಲ್ಲ? ಮೊದ್ಲಿನ ಮಾತಲ್ಲ, ಹೌದಾ?" ಅವನ ದನಿ ನಡುಗುತ್ತಿತ್ತು. ಆಟದೊಳಗಿನ ಒಂದು ಗೊಂಬೆ ಎರಡು ಸಲಕ್ಕೆ ಎರಡು ಮಾತಾಡಿದ್ದಕ್ಕೆ ಐವತ್ತೊಂಬತ್ತು ವರ್ಷದ ಗಂಡಸಿನ ದನಿ ಯಾಕೆ ನಡುಗಿತು ಎಂಬುದು ತಿಳಿಯಬೇಕಾದರೆ ನಮ್ಮ ಊರಿನ ಸಂಗತಿ ಸ್ವಲ್ಪ ಹೇಳಬೇಕು.

ನಮ್ಮ ಊರಿನಲ್ಲಿ ವಯಸ್ಸಾದವರಿಗೆ ಒಂದೇ ಮಾತು. ಐವತ್ತೈದರಿಂದ ಅರವತ್ತರ ನಡುವೆ ಯಾವತ್ತೋ ಒಂದು ಬೆಳಿಗ್ಗೆ ಎದ್ದರೆ ಮಾತು ಕೂತಿರುತ್ತದೆ. ಹಿಂದಿನ ದಿನ ಕೊನೆಯದಾಗಿ ಆಡಿದ ವಾಕ್ಯ ಯಾವುದೋ ಅದೊಂದೇ ಬಾಯಲ್ಲಿ ಉಳಿಯುತ್ತದೆ. ಬರೆಯಲು ಕೂತರೆ ಕೈಯೂ ಅದನ್ನೇ ಬರೆಯುತ್ತದೆ. ಕಿವಿ, ಬುದ್ಧಿ, ಸಿಟ್ಟು, ನಗು ಎಲ್ಲ ಮೊದಲಿನ ಹಾಗೆಯೇ. ಆದ್ದರಿಂದ ಐವತ್ತೈದು ದಾಟಿದವರು ಸಂಜೆಯ ಊಟ ಮುಗಿಸಿ, ತಾವು ಆರಿಸಿಟ್ಟುಕೊಂಡ ವಾಕ್ಯವನ್ನು ಒಮ್ಮೆ ನೆಟ್ಟಗೆ ಹೇಳಿ, ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಸುಮ್ಮನಾಗುತ್ತಾರೆ. ಆಮೇಲೆ ಮನೆಗೆ ಹಾವು ಬಂದರೂ ತಟ್ಟೆ ಬಡಿದು ಕರೆಯುತ್ತಾರೆಯೇ ಹೊರತು ಬಾಯಿ ಬಿಡುವುದಿಲ್ಲ. ಹೆಚ್ಚಿನವರು ದಿನಬಳಕೆಗೆ ಒದಗುವ ಮಾತನ್ನೇ ಆರಿಸುತ್ತಾರೆ. ಎಲ್ಲರ ಲೆಕ್ಕಾಚಾರವೂ ಸರಿಹೋಗುವುದಿಲ್ಲ. ಪೋಸ್ಟ್‌ಮ್ಯಾನ್ ರುದ್ರಮುನಿ ಒಂದು ಸಂಜೆ ಯಾರೋ ಬಾಗಿಲು ತಟ್ಟಿ ಕೇಳಿದರೆಂದು ಮೈಮರೆತು "ನಿಮ್ದೇನೂ ಬಂದಿಲ್ಲ" ಅಂದುಬಿಟ್ಟ. ಈಗ ಕೈಗೆ ಕಾಗದ ಕೊಡುತ್ತಲೇ ಹಾಗನ್ನುತ್ತಾನೆ, ಜನ ಸಂತೋಷದಿಂದ ಇಸಿದುಕೊಳ್ಳುತ್ತಾರೆ. ರಿಟೈರಾದ ಮೇಷ್ಟ್ರೊಬ್ಬರು ಉಸಿರು ಕಟ್ಟುವಷ್ಟು ಉದ್ದದ ಉಪದೇಶವೊಂದನ್ನು ಆರಿಸಿಕೊಂಡರು. ಅವರು ಬೀದಿಗೆ ಬಂದರೆಂದರೆ ಊರೆಲ್ಲ ಸಂದಿ ಹಿಡಿಯುತ್ತದೆ.

ಇದರ ಜೊತೆಗೆ ಒಂದು ಮರ್ಯಾದೆ. ಮಾತು ಕೂತವರನ್ನು ಒಮ್ಮೆ ಮಾತಾಡಿಸಬಹುದು. ಅವರ ಮಾತು ಕೇಳಿ, ತಲೆಬಾಗಿ, ಮುಂದೆ ಹೋಗಬೇಕು. ಪ್ರಶ್ನೆ ಕೇಳಬಾರದು. ಕೇಳಿದ್ದನ್ನೇ ಎರಡನೇ ಸಲ ಕೇಳಿದರಂತೂ ಅವರನ್ನು ಅಣಕಿಸಿದ ಹಾಗೆ. ಚಿಕ್ಕವನಿದ್ದಾಗ ಈ ತಪ್ಪಿಗೆ ನನಗೆ ಬೆನ್ನು ಬಿಸಿಯಾದದ್ದುಂಟು.

ಮಾವನ ಹೆಂಡತಿ, ನನ್ನ ಅತ್ತೆ ಹಾಲಮ್ಮನಿಗೆ ಮಾತು ಕೂತಾಗ ನಲವತ್ತೊಂಬತ್ತು. ಊರಿನಲ್ಲಿ ಅಷ್ಟು ಬೇಗ ಯಾರಿಗೂ ಆದದ್ದಿಲ್ಲ. ಇನ್ನೂ ಆರು ವರ್ಷ ಪುರಸೊತ್ತಿದೆ ಎಂದು ಅವಳು ಯಾವ ವಾಕ್ಯವನ್ನೂ ಆರಿಸಿರಲಿಲ್ಲ. ಹಿಂದಿನ ಸಂಜೆ ಗಂಡ ಹೆಂಡತಿಗೆ ಏನೋ ಜಗಳ. ಚಿಕ್ಕಂದಿನಿಂದ ಅವರ ಮನೆಯಲ್ಲೇ ಬೆಳೆದ ನಾನಾಗ ಹದಿನಾರರವನು, ಪರೀಕ್ಷೆಗೆ ಓದಲು ಗೆಳೆಯನ ಮನೆಗೆ ಹೋಗಿದ್ದೆ. ಮಾರನೇ ಬೆಳಿಗ್ಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತು, ನನ್ನ ಮುಖ ನೋಡಿ, ಕಣ್ಣು ತುಂಬಿಕೊಂಡು, "ನಿಮಗೆ ಹೇಳಿ ಏನ್ ಬಂತು!" ಅಂದಳು. ನಾನು ಏನಾಯಿತೆಂದು ಕೇಳಿದೆ. ಮತ್ತೆ ಅದನ್ನೇ ಅಂದಳು. ಆಗ ತಿಳಿಯಿತು.

ಆವತ್ತಿನಿಂದ ಏಳು ವರ್ಷ ನಮ್ಮ ಮನೆಯಲ್ಲಿ ರೊಟ್ಟಿ ಬಡಿಸುವಾಗ, ಹಾಲಿನವನನ್ನು ಕೂಗುವಾಗ, ಬೆಕ್ಕನ್ನು ಓಡಿಸುವಾಗ ಅದೊಂದೇ ಮಾತು. ಬೆಕ್ಕಿಗೂ ಬಹುವಚನ. ನಾನು ನಕ್ಕರೆ ಅವಳೂ ನಗುತ್ತಿದ್ದಳು. ಮಾವ ಮಾತ್ರ ನಗುತ್ತಿರಲಿಲ್ಲ. ಅವಳು ಬೆಕ್ಕಿಗೆ ಅಂದರೂ ಅವನು ತಲೆ ತಗ್ಗಿಸುತ್ತಿದ್ದ. ಮರ್ಯಾದೆಯ ಪ್ರಕಾರ ಅವಳನ್ನು ಅವನು ಏನೂ ಕೇಳುತ್ತಿರಲಿಲ್ಲ. "ಪಾಪ, ಅವಳನ್ನ ಯಾಕೆ ಕೆಣಕಾದು" ಅನ್ನುತ್ತಿದ್ದ. ತಟ್ಟೆ ಇಟ್ಟರೆ ಉಣ್ಣುವುದು, ನೀರು ಕಾಯಿಸಿದರೆ ಮೀಯುವುದು. ಮೌನ ನನಗೆ ಇಷ್ಟವಾದದ್ದೇ. ಆದರೆ ಆ ಮನೆಯಲ್ಲಿ ಅದು ಎಷ್ಟು ಸೇರಿತ್ತೆಂದರೆ ಹೊಸ್ತಿಲು ದಾಟುವಾಗ ಅದನ್ನೂ ದಾಟಿಕೊಂಡು ಹೋಗಬೇಕಾಗುತ್ತಿತ್ತು.

ಗೇಮು ಬಂದದ್ದು ನನ್ನ ಟ್ರಂಕಿನಲ್ಲಿ. ಡಿಗ್ರಿ ಮುಗಿಸಿ ಹಾಸ್ಟೆಲು ಬಿಡುವಾಗ ರೂಮಿನ ಗೆಳೆಯ ಕೊಟ್ಟಿದ್ದು. ಬೂದುಬಣ್ಣದ, ಎರಡು ಕೈಯಲ್ಲೂ ಹಿಡಿಯಬಹುದಾದ ಯಂತ್ರ. ನಾಲ್ಕು ಪೆನ್ಸಿಲ್ ಸೆಲ್ಲು ಹಾಕಬೇಕು. ಪರದೆಗೆ ತನ್ನದೇ ಬೆಳಕಿಲ್ಲ, ಬಿಸಿಲಿಗೆ ಹಿಡಿದರೆ ಮಾತ್ರ ಕಾಣುತ್ತದೆ. ಅದರೊಳಗೆ ಒಂದು ನಾಡು, ಒಬ್ಬ ವೀರ. ಅವನು ಊರೂರು ಅಲೆದು, ಹುಲ್ಲುಗಾವಲಿನಲ್ಲಿ ಎದುರಾಗುವ ಭೂತ ಬೇತಾಳಗಳ ಜೊತೆ ಹೊಡೆದಾಡಿ, ಸ್ವಲ್ಪ ಸ್ವಲ್ಪವೇ ಬಲ ಕೂಡಿಸಿಕೊಂಡು, ಕೊನೆಗೆ ಗೋಪುರದಲ್ಲಿರುವ ರಾಕ್ಷಸನನ್ನು ಸೋಲಿಸಬೇಕು. ಮಧ್ಯಾಹ್ನ ಅಂಗಡಿಗೆ ಯಾರೂ ಬಾರದ ಹೊತ್ತಿನಲ್ಲಿ ನಾನು ಬಾಗಿಲ ಬಿಸಿಲಿಗೆ ಕೂತು ಆಡುತ್ತಿದ್ದೆ. ಮಾವ ಅರದಿಂದ ಕೀಲಿಯ ಹಲ್ಲು ಉಜ್ಜುತ್ತ ಓರೆಗಣ್ಣಿನಲ್ಲಿ ನೋಡುತ್ತಿದ್ದ. ಒಂದು ದಿನ, ಆಟದೊಳಗೆ ಬಾವಿಕಟ್ಟೆಯ ಹೆಂಗಸೊಬ್ಬಳು ಏನೋ ಅಂದಾಗ, "ಏನಂತೆ ಅವಳದ್ದು?" ಎಂದು ಕೇಳಿದ. ಅವನಿಗೆ ಇಂಗ್ಲಿಷ್ ಬಾರದು. "ಈ ಬಾವಿ ನೀರು ಸಿಹಿ ಅಂತಾಳೆ ಮಾವ." "ಇನ್ನೊಂದು ಸಲ ಮಾತಾಡಿಸಿದ್ರೆ?" "ಅದನ್ನೇ ಅಂತಾಳೆ." ಮಾವ ಅರ ಕೆಳಗಿಟ್ಟ. ಪಕ್ಕದಲ್ಲಿ ನಿಂತಿದ್ದ ಮುದುಕನನ್ನು ತೋರಿಸಿ, "ಇವ್ನು?" ಎಂದ. "ಉತ್ತರಕ್ಕೆ ಹೋಗಬೇಡ, ಕಾಡಿದೆ, ಅಂತಾನೆ. ಯಾವಾಗಲೂ ಅದೇ." ಮಾವನ ಮುಖ ಅರಳಿತು. "ಲೇ, ಇದು ನಮ್ಮೂರೇ ಕಣಲೇ! ಎಲ್ರಿಗೂ ಮಾತು ಕೂತೈತೆ. ಇದನ್ನ ಮಾಡ್ದೋನು ನಮ್ಮ ಕಡೆಯೋನೇ ಇರ್ಬೇಕು."

ಅಲ್ಲಿಂದ ಆಟ ನಮ್ಮಿಬ್ಬರದಾಯಿತು. ಗುಂಡಿ ಒತ್ತುವುದು ಅವನು, ಮಾತು ಹೇಳುವುದು ನಾನು. ಹೊಸದಾಗಿ ಶುರುಮಾಡಿದೆವು. ವೀರನ ಹೆಸರಿಗೆ ಇಂಗ್ಲಿಷಿನ ನಾಲ್ಕೇ ಅಕ್ಷರ ಹಿಡಿಸುತ್ತಿದ್ದವು. ಮಾವ ನನ್ನ ಹೆಸರಿಡು ಅಂದ, ಕೊಟ್ರೇಶಿ ಮುರುಟಿಕೊಂಡು KOTR, ಅಂದರೆ ಕೋಟರ್ ಆದ. ಕೋಟರ್ ಹೆಜ್ಜೆ ಹಾಕುವಾಗ ಬರುವ ಟಿಣಿಟಿಣಿ ಸಂಗೀತವನ್ನು ಮಾವ ಕೀಲಿ ಉಜ್ಜುವಾಗಲೂ ಗುನುಗುತ್ತಿದ್ದ. ಧರ್ಮಶಾಲೆಯಲ್ಲಿ ಕೋಟರ್ ಮಲಗಿ ಎದ್ದರೆ ಗಾಯವೆಲ್ಲ ಮಾಯ. "ಹಿಂಗೊಂದು ನಿದ್ದೆ ಬರ್ಬೇಕು ನೋಡಲೇ" ಅನ್ನುತ್ತಿದ್ದ. ನನಗೆ ಆ ಲೋಕ ಹಿಡಿಸಿದ್ದು ಬೇರೆ ಕಾರಣಕ್ಕೆ. ಅದು ಕಾಯುತ್ತಿತ್ತು. ಸೆಲ್ಲು ಮುಗಿದು ಮೂರು ದಿನ ಬಿಟ್ಟು ಬಂದರೂ ಬಾವಿಯ ಹೆಂಗಸು ಬಾವಿಯ ಹತ್ತಿರವೇ ಇರುತ್ತಿದ್ದಳು, ಎಲ್ಲಿ ಹೋಗಿದ್ದೆ ಎಂದು ಕೇಳುತ್ತಿರಲಿಲ್ಲ. ಮಾವನಿಗೆ ಹಿಡಿಸಿದ್ದು ಸಣ್ಣ ಸಣ್ಣ ಜಗಳಗಳು. ಒಂದು ಬೇತಾಳಕ್ಕೆ ನಾಲ್ಕು ಏಟು, ಬಲದ ಅಂಕಿ ಒಂದು ಕೂಡುತ್ತದೆ. ಸುಮ್ಮನೆ ಓಡಾಡಿಕೊಂಡಿದ್ದರೂ ಮನುಷ್ಯ ನಿನ್ನೆಗಿಂತ ಇವತ್ತು ಚೂರು ಗಟ್ಟಿಯಾಗುತ್ತಾನೆ. "ಅಂಗಡೀಲಿ ಮೂವತ್ತು ವರ್ಷ ಕೂತೀನಿ, ಯಾವತ್ತೂ ಅಂಕಿ ಕೂಡಿದ್ದು ಕಂಡಿಲ್ಲ" ಎಂದು ನಗುತ್ತಿದ್ದ.

ಆದರೆ ನಮ್ಮ ಕೋಟರ್‌ನಷ್ಟು ಬಡಪಾಯಿ ವೀರ ಯಾವ ಆಟದಲ್ಲೂ ಇದ್ದಿರಲಾರ. ಈ ಆಟಗಳಲ್ಲಿ ಯಾರ ಮನೆಗಾದರೂ ನುಗ್ಗಿ, ಪೆಟ್ಟಿಗೆ ತೆಗೆದು, ಕತ್ತಿ ಗುರಾಣಿ ಎತ್ತಿಕೊಂಡು ಬರಬೇಕು. ಮಾವ ಒಪ್ಪಲಿಲ್ಲ. "ಮನೆಯೋರು ಹೂಂ ಅನ್ನದೆ ನಾನು ಬೀಗಕ್ಕೆ ಕೈ ಹಚ್ಚಿದೋನಲ್ಲ." "ಮಾವ, ಇದು ಆಟ." "ಆಟ ಆದ್ರೆ? ಪೆಟ್ಟಿಗೆ ಅವರದ್ದು ತಾನೆ? ಆ ಮುದುಕಿ ಅಲ್ಲೇ ನಿಂತಾಳೆ, ಒಲೆ ಬಿಸಿ ಐತೆ ಅಂತಾಳೆ. ಪೆಟ್ಟಿಗೆ ತಗಳಪ್ಪ ಅಂತ ಅಂದ್ಲಾ? ಇಲ್ಲ. ಮುಗೀತು." ಹಾಗಾಗಿ ಕೋಟರ್ ಮರದ ದೊಣ್ಣೆ ಹಿಡಿದೇ ಲೋಕ ಸುತ್ತಿದ. ಎದುರಿನ ಹೋಟೆಲಿನ ಸಾಕವ್ವ ಚಹಾ ತಂದವಳು ಬಗ್ಗಿ ನೋಡಿ, "ಏನ್ ಪಾಲಾಕ್ಷಣ್ಣ, ನಿನ್ನ ಈ ಶೂರನಿಗೆ ಒಂದು ಚಾಕು ಆದ್ರೂ ಕೊಡ್ಸಬಾರ್ದಾ? ನನ್ನ ಅಡಿಗೆಮನೇಲಿ ಐತೆ, ಬೇಕಾದ್ರೆ ಒಯ್ಯಿ" ಅನ್ನುತ್ತಿದ್ದಳು.

ಹೀಗೆ ಹೋಗಿ ಹೋಗಿ ಕೆರೆಯ ದಡ ಮುಟ್ಟಿದೆವು. ಅಲ್ಲಿ ದೋಣಿಯವನು. ಅವನ ಮಾತು, "ನೀರು ಏರಿದೆ, ದೋಣಿ ಬಿಡುವುದಿಲ್ಲ." ಮಾವ ಪರದೆಗೆ ತಲೆಬಾಗಿ, ಕೋಟರ್‌ನನ್ನು ಹಿಂದಕ್ಕೆ ತಿರುಗಿಸಿದ. ಮುಂದೆ ದಾರಿಯೇ ಇರಲಿಲ್ಲ. ಎರಡು ತಿಂಗಳು ಇದ್ದ ನಾಡನ್ನೇ ಸುತ್ತಿದೆವು. ಒಂದೊಂದು ಗುಹೆಗೂ ನಾಲ್ಕು ಸಲ ಹೋಗಿ ಬಂದೆವು. ಕೋಟರ್ ಎಷ್ಟು ಗಟ್ಟಿಯಾದನೆಂದರೆ ದೊಣ್ಣೆ ಎತ್ತಿದರೆ ಸಾಕು ಬೇತಾಳ ಮಾಯವಾಗುತ್ತಿತ್ತು. ಬೇರೆ ಊರಿನವರಾಗಿದ್ದರೆ ಎರಡನೇ ದಿನವೇ ದೋಣಿಯವನನ್ನು ಮತ್ತೆ ಮಾತಾಡಿಸಿ ನೋಡುತ್ತಿದ್ದರು. ನಮಗಿಬ್ಬರಿಗೂ ಅದು ಹೊಳೆಯಲೇ ಇಲ್ಲ. ಹಾಸ್ಟೆಲಿನಲ್ಲಿ ಮೂರು ವರ್ಷ ಇದ್ದು, ಹೊರಗಿನ ಮುದುಕರು ಸಾಯುವ ತನಕ ಸಾವಿರ ಮಾತಾಡುವುದನ್ನು ಕಂಡು ಬಂದ ನನಗೂ ಹೊಳೆಯಲಿಲ್ಲ. ಮಾತು ಕೂತವನನ್ನು ಎರಡನೇ ಸಲ ಕೇಳುವುದೇ?

ಕೊನೆಗೆ ಕೇಳಿದ್ದು ಕೈ ಜಾರಿ. ದಡದಲ್ಲಿ ಒಂದು ಭೂತದಿಂದ ತಪ್ಪಿಸಿಕೊಳ್ಳುವಾಗ ಮಾವನ ಹೆಬ್ಬೆರಳು ಗುಂಡಿಗೆ ತಾಗಿತು. ದೋಣಿಯವನು ಅಂದದ್ದು ಇಷ್ಟೇ: "ನೀರು ಇಳಿದಿದೆ. ಹೋಗೋಣವೇ?" ಯಾಕೆ ಇಳಿಯಿತೆಂದು ಅವನು ಹೇಳಲಿಲ್ಲ. ನಾವು ಮಾಡಿದ ಯಾವುದಕ್ಕೂ ಅದಕ್ಕೂ ಸಂಬಂಧವಿದ್ದಂತೆ ಕಾಣಲಿಲ್ಲ. ದಿನ ಕಳೆದಿತ್ತು, ನೀರು ಇಳಿದಿತ್ತು. "ಯಾಕೆ ಬದಲಾಯ್ತಂತೆ ಮಾತು?" ಎಂದು ಮಾವ ಕೇಳಿದ. ಸುಮ್ಮನೆ ಬದಲಾಯಿತು ಎನ್ನಲು ಆ ಮುಖ ನೋಡಿಕೊಂಡು ನನಗಾಗಲಿಲ್ಲ. "ನನಗೆ ಬೇಕಾದ್ದನ್ನು ನೀನು ಮಾಡಿಕೊಟ್ಟೆ, ಅದಕ್ಕೇ ಬೇರೆ ಮಾತಾಡ್ತಿದೀನಿ. ನೀರು ಇಳಿದಿದೆ, ಹೋಗೋಣ. ಹಂಗಂತಾನೆ ಮಾವ." "ಏನು ಮಾಡಿಕೊಟ್ವಿ?" "ಗೊತ್ತಿಲ್ಲ. ಎರಡು ತಿಂಗಳು ಏನೇನೋ ಮಾಡಿದೀವಲ್ಲ, ಅದರಾಗೆ ಯಾವುದೋ ಒಂದು."

ಮಾವ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಮೆಲ್ಲಗೆ, ನನಗೆ ಹೇಳುತ್ತಿದ್ದಾನೋ ತನಗೋ ತಿಳಿಯದ ಹಾಗೆ, "ಅವಳೂ ಅವತ್ತು ಏನೋ ಮಾಡು ಅಂದಿದ್ಲು. ನಾನು ಬೀಗ ಬಿಚ್ಚಿಕೊಂಡು ಕೂತಿದ್ದೆ, ಕಿವಿ ಕೊಡ್ಲಿಲ್ಲ. ಏನಂದ್ಲು ಅನ್ನಾದೇ ನೆನಪಿಲ್ಲ ಕಣಲೇ" ಅಂದ. ಏಳು ವರ್ಷದಲ್ಲಿ ಆ ಸಂಜೆಯ ಬಗ್ಗೆ ಅವನು ಬಾಯಿ ಬಿಟ್ಟದ್ದು ಅದೇ ಮೊದಲು.

ಅರವತ್ತಕ್ಕೆ ಏಳು ತಿಂಗಳಿತ್ತು. ಅವನ ಮಾತು ಯಾವ ಬೆಳಿಗ್ಗೆಯಾದರೂ ಕೂರಬಹುದಿತ್ತು. ಅಷ್ಟರೊಳಗೆ ಹೆಂಡತಿ ಆವತ್ತು ಕೇಳಿದ್ದು ಏನೆಂದು ಪತ್ತೆಮಾಡಿ, ಅದನ್ನು ಮಾಡಿಕೊಟ್ಟು, ಅವಳ ಬಾಯಿಂದ ಎರಡನೇ ಮಾತು ಹೊರಡಿಸಬೇಕು. ಮಾವ ಹೊರಟದ್ದು ಈ ಕೆಲಸಕ್ಕೆ. ಮದುವೆಯಾದಂದಿನಿಂದ ಅವಳು ಕೇಳಿದ್ದೆಲ್ಲವನ್ನೂ ಒಂದೊಂದಾಗಿ ನೆನಪಿಸಿಕೊಳ್ಳತೊಡಗಿದ. ಹಿತ್ತಿಲ ಮೆಟ್ಟಿಲ ಕಲ್ಲು ಅಲುಗುತ್ತಿತ್ತು, ಕೂರಿಸಿದ. ಬಚ್ಚಲ ನೀರು ಹೊರಗೆ ಹರಿಯಲು ಕಾಲುವೆ ತೋಡಿದ. ಪಕ್ಕದ ಊರಿನಲ್ಲಿದ್ದ ಅವಳ ತಂಗಿಯ ಮನೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ತಾನು ಜಗಲಿಯಲ್ಲೇ ಕೂತಿದ್ದು ಕರೆತಂದ. ಒಂದೊಂದು ಕೆಲಸ ಮುಗಿದಾಗಲೂ ಕೋಟರ್ ನಿಲ್ಲುವ ಹಾಗೆ ಒಂದು ಹೆಜ್ಜೆ ದೂರದಲ್ಲಿ ಅವಳ ಎದುರು ನೆಟ್ಟಗೆ ನಿಲ್ಲುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಅವಳು ಕಕ್ಕಾಬಿಕ್ಕಿಯಾಗಿ, "ನಿಮಗೆ ಹೇಳಿ ಏನ್ ಬಂತು" ಅನ್ನುತ್ತಿದ್ದಳು. ಮಾವ ನನ್ನ ಕಡೆ ತಿರುಗಿ, ಇದಲ್ಲ ಎಂದು ಕೈ ಆಡಿಸುತ್ತಿದ್ದ.

ಒಂದು ಭಾನುವಾರ ಕನ್ನಡಿಯ ಸರದಿ. ನಡುಮನೆಯ ಕನ್ನಡಿಯನ್ನು ಮಾವ ತನ್ನ ಎತ್ತರಕ್ಕೆ ಹೊಡೆದಿದ್ದ. ಅತ್ತೆ ಇಪ್ಪತ್ತಾರು ವರ್ಷ ತುದಿಗಾಲಲ್ಲಿ ನಿಂತು ಕುಂಕುಮ ಇಟ್ಟುಕೊಂಡಿದ್ದಳು. ಅವನು ಮೊಳೆ ಕಿತ್ತು ಒಂದು ಗೇಣು ಕೆಳಗೆ ಹೊಡೆದ. ಅತ್ತೆ ಬಂದು ಪಾದ ಊರಿ ನಿಂತಳು. ಕನ್ನಡಿಯಲ್ಲಿ ಪೂರ್ತಿ ಮುಖ ಕಂಡಿತು. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು, ಒಳಗೇ ಉಕ್ಕಿದ ನಗುವಿನಲ್ಲಿ, "ನಿಮಗೆ ಹೇಳಿ ಏನ್ ಬಂತು..." ಅಂದಳು. ಆ ದನಿಯನ್ನು ನಾನು ಆ ಮನೆಯಲ್ಲಿ ಮೊದಲು ಕೇಳಿರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿ ಆಡುವ ಮಾತಿನಂತಿತ್ತು. ಮಾವ ಸುತ್ತಿಗೆ ಎತ್ತಿಟ್ಟು ಹೊರಗೆ ಬಂದವನು, "ಇದೂ ಅಲ್ಲ ಕಣಲೇ. ಅದೇ ಮಾತು" ಅಂದ. ಅದೇ ಮಾತಲ್ಲ ಮಾವ, ನಿನಗೆ ಕೇಳಿಸಲಿಲ್ಲ ಅಷ್ಟೆ, ಎಂದು ನಾನು ಹೇಳಬಹುದಿತ್ತು. ಸುಮ್ಮನಿದ್ದೆ. ಓದಿದ ಮನುಷ್ಯ ಸುಮ್ಮನಿದ್ದರೆ ಜನ ಅದನ್ನು ವಿವೇಕ ಅಂದುಕೊಳ್ಳುತ್ತಾರೆ. ನನ್ನದು ಬರೀ ಹೆದರಿಕೆ. ಒಂದು ನಿಜ ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು.

ಇದರ ನಡುವೆ ಅವನು ತನ್ನ ಸಂಜೆಯ ವಾಕ್ಯವನ್ನೂ ಬದಲಿಸಲು ನೋಡುತ್ತಿದ್ದ. ನಾಲ್ಕು ವರ್ಷದಿಂದ ಊಟದ ನಂತರ ಅವನು ಹೇಳಿ ಬಾಯಿ ಮುಚ್ಚುತ್ತಿದ್ದದ್ದು "ಬೀಗ ಜಗ್ಗಿ ನೋಡ್ಕಳ್ರಿ" ಎಂದು. ಅಂಗಡಿಯವನಿಗೆ ಒಪ್ಪುವ ಮಾತು. ಈಗ ಅದರ ಬದಲು "ತಪ್ಪಾಯ್ತು" ಅನ್ನಬೇಕೆಂದು ಮನಸ್ಸು. ಅಂಗಡಿಯಲ್ಲಿ ನನ್ನೆದುರು ಅಭ್ಯಾಸ ಮಾಡುತ್ತಿದ್ದ. ಕೇಳಿಸಿಕೊಂಡ ಸಾಕವ್ವ ಚಹಾದ ಲೋಟ ಕುಕ್ಕಿ, "ಚೆಂದಾಗೈತೆ ಬಿಡು! ಕೀಲಿ ಮಾಡಿಸ್ಕಂಡು ಹೋಗೋರಿಗೆಲ್ಲ ತಪ್ಪಾಯ್ತು, ತಪ್ಪಾಯ್ತು ಅಂತ ಕೈ ಮುಗಿ. ಆಮೇಲೆ ನಿನ್ನ ಕೀಲಿ ಯಾವಳು ನಂಬ್ತಾಳೆ?" ಅಂದಳು. ಅಂಗಡಿಯಲ್ಲಿ ಸಲೀಸಾಗಿ ಬರುತ್ತಿದ್ದ ಮಾತು ಮನೆಯಲ್ಲಿ ಬರುತ್ತಿರಲಿಲ್ಲ. ಊಟ ಮುಗಿಸಿ, ಕೈ ತೊಳೆದು, ಅತ್ತೆಯ ಎದುರು ನಿಂತು, ಗಂಟಲು ಸರಿಮಾಡಿಕೊಂಡು, ಅವನು "ಬೀಗ ಜಗ್ಗಿ ನೋಡ್ಕಳ್ರಿ" ಅನ್ನುತ್ತಿದ್ದ. ಅತ್ತೆ ಎದ್ದು ಹೋಗಿ ಬೀಗ ಜಗ್ಗಿ ನೋಡಿ ಬರುತ್ತಿದ್ದಳು.

ಅರವತ್ತಕ್ಕೆ ಎರಡು ತಿಂಗಳು ಉಳಿದಾಗ ಒಂದು ಮಧ್ಯಾಹ್ನ ಮಾವ ಅರ, ಚಿಮಟ, ಇಕ್ಕಳಗಳನ್ನೆಲ್ಲ ಒರೆಸಿ ಗೋಣಿಚೀಲದೊಳಗೆ ಹಾಕುತ್ತಿದ್ದ. "ಏನ್ ಮಾವ ಇದು?" "ಅಂಗಡಿ ಮುಚ್ತೀನಿ. ನೆನಪಾಯ್ತು ಕಣಲೇ. ಕಬ್ಬಿಣದ ಪುಡಿ ಮನೆ ತುಂಬ ಆಗ್ತೈತೆ, ಕಾಲಿಗೆ ಚುಚ್ತೈತೆ ಅಂತ ಅವಳು ಗೊಣಗೋಳು. ಇದೇ ಇರ್ಬೇಕು. ಬೇರೆ ಏನೂ ಉಳಿದಿಲ್ಲ." ಅವನು ಚಿಕ್ಕಂದಿನಿಂದ ಮಾಡಿಕೊಂಡು ಬಂದ ಕೆಲಸ ಅದು. ಕಣ್ಣು ಮುಚ್ಚಿ ಬೀಗದ ಒಳಗನ್ನು ಬೆರಳಲ್ಲಿ ಓದುತ್ತಿದ್ದ. ಚೀಲದ ಬಾಯಿಗೆ ಹಗ್ಗ ಸುತ್ತುವಾಗ ಅವನ ಕೈ ಹಗ್ಗ ಬಿಟ್ಟು ಮತ್ತೆ ಅರವನ್ನೇ ಮುಟ್ಟಿ ನೋಡಿತು. ನಾನು ಚೀಲವನ್ನು ಹಿಡಿದುಕೊಂಡೆ. "ಬ್ಯಾಡ ಮಾವ. ದೋಣಿಯೋನು ಹಂಗಂದಿರ್ಲಿಲ್ಲ."

"ಏನಂದಿರ್ಲಿಲ್ಲ?" "ನನಗೆ ಬೇಕಾದ್ದು ಮಾಡಿಕೊಟ್ಟೆ ಅಂತ. ಅದು ನಾನೇ ಸೇರಿಸಿದ್ದು. ಅವನಂದದ್ದು ನೀರು ಇಳಿದೈತೆ, ಹೋಗಾನ್ವಾ ಅಂತ, ಅಷ್ಟೇ." ಮಾವ ನನ್ನನ್ನು ನೋಡಿದ. ಬೈಯುತ್ತಾನೆ ಅಂದುಕೊಂಡೆ, ಬೈದರೆ ಚೆನ್ನಿತ್ತು. ಅವನು ಕೈ ಚಾಚಿದ. ನಾನು ಯಂತ್ರ ಕೊಟ್ಟೆ. ಅಷ್ಟು ಹೊತ್ತಿಗೆ ನಾವು ಕೆರೆ ದಾಟಿ, ಮೂರು ಊರು ದಾಟಿ, ರಾಕ್ಷಸನ ಗೋಪುರದ ಬಾಗಿಲಿನವರೆಗೆ ಬಂದಿದ್ದೆವು. ಅವನು ಕೋಟರ್‌ನನ್ನು ಹಿಂದಕ್ಕೆ ತಿರುಗಿಸಿ, ಅಷ್ಟೂ ದಾರಿ ವಾಪಸು ನಡೆಸಿದ. ದಾರಿಯುದ್ದಕ್ಕೂ ಟಿಣಿಟಿಣಿ ಸಂಗೀತ ಕೇಳುತ್ತಲೇ ಇತ್ತು. ದೋಣಿಯವನ ಎದುರು ನಿಂತು ಗುಂಡಿ ಒತ್ತಿದ. "ಈಗ ಇದ್ದಂಗೆ ಹೇಳು." "ನೀರು ಇಳಿದಿದೆ. ಹೋಗೋಣವೇ?" "ನಾವು ಏನೂ ಮಾಡಿರ್ಲಿಲ್ಲಾ?" "ಇಲ್ಲ ಮಾವ." "ಎರಡ್ನೇ ಸಲ ಮಾತಾಡಿಸಿದ್ವಿ." "ಅದೂ ಕೈ ಜಾರಿ." "ಜಾರಿದ್ರೇನು? ಮಾತಾಡಿಸಿದ್ವಲ್ಲ." ಅವನು ಪರದೆಯನ್ನೇ ನೋಡುತ್ತಿದ್ದ. "ಅವನು ಯಾವತ್ತು ನೀರು ಇಳೀತೋ ಅವತ್ತಿನಿಂದ ಹೇಳಾಕೆ ನಿಂತಾನೆ. ನಾವು ಮರ್ಯಾದೆ ಮರ್ಯಾದೆ ಅಂತ ದೂರದಿಂದಲೇ ಹೋದ್ವಿ." ಚೀಲದ ಹಗ್ಗ ಬಿಚ್ಚಿ ಅರವನ್ನು ಗೂಟಕ್ಕೆ ತೂಗುಹಾಕಿದ. "ಇನ್ನು ಮೇಲೆ ಒಂದು ಅಕ್ಷರ ಸೇರಿಸಿದ್ರೆ ನೋಡು, ನಿನ್ನ ಡಿಗ್ರಿನ ಬೀಗ ಹಾಕಿ ಇಡ್ತೀನಿ" ಅಂದ.

ಅವತ್ತು ಸಂಜೆ ಬೆಳಕಿರುವಾಗಲೇ ಅಂಗಡಿ ಮುಚ್ಚಿ ಮನೆಗೆ ಬಂದೆವು. ಅತ್ತೆ ಅಂಗಳದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಮಾವ ಅವಳ ಎದುರು ಬಂದು ನಿಲ್ಲಲಿಲ್ಲ, ಪಕ್ಕದಲ್ಲಿ ಕೂತ. ಒಂದು ಹಿಡಿ ಕಾಯಿ ತನ್ನ ಮುಂದೆ ಎಳೆದುಕೊಂಡು, "ಇವತ್ತು ಮನೇಲಿ ಏನಾಯ್ತು?" ಎಂದು ಕೇಳಿದ. ಅತ್ತೆಯ ಕೈ ನಿಂತಿತು. ಮಾತು ಕೂತವಳಿಗೆ ಪ್ರಶ್ನೆ! ಬೇಲಿಯಾಚೆ ಪಕ್ಕದ ಮನೆಯವಳು ನಾಲಿಗೆ ಕಚ್ಚಿಕೊಂಡದ್ದು ನನಗೆ ಕಂಡಿತು. ಅತ್ತೆ ಅವನನ್ನು ದಿಟ್ಟಿಸಿ, ಒಣಗಿದ ದನಿಯಲ್ಲಿ, "ನಿಮಗೆ ಹೇಳಿ ಏನ್ ಬಂತು" ಅಂದಳು. ಮಾವ ಕಾಯಿ ಬಿಡಿಸುತ್ತಲೇ, "ಹೇಳು, ಕೇಳ್ತೀನಿ" ಅಂದ.

ಅವಳು ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು. ಆಮೇಲೆ ಅದೇ ಮಾತನ್ನು ಇನ್ನೊಮ್ಮೆ ಅಂದಳು, ಈ ಸಲ ಹೆಂಚಿನ ಕಡೆ ಕೈ ತೋರಿಸಿ. ಮಾವ ಹೆಂಚು ನೋಡಿದ. "ಕೋತಿ ಬಂದಿತ್ತಾ?" ಅವಳು ಹೂಂಗುಟ್ಟಿ, ಕೋತಿ ಕೂತ ಭಂಗಿ ಮಾಡಿ, ಆ ಮಾತನ್ನು ಕೋತಿಯ ಸಿಟ್ಟಿನಲ್ಲಿ ಅಂದಳು. ಹಪ್ಪಳ ಒಯ್ದದ್ದು, ಅವಳು ಪೊರಕೆ ಎಸೆದದ್ದು, ಪೊರಕೆ ಮಾಡಿನ ಮೇಲೇ ಉಳಿದದ್ದು, ಎಲ್ಲ ಆ ನಾಲ್ಕು ಪದಗಳಲ್ಲೇ ಬಂತು. ಮಾವ ನಡುನಡುವೆ ತಪ್ಪು ತಿಳಿದು ಬೈಸಿಕೊಂಡ. ಬೈಗಳೂ ಅದೇ ಮಾತು. ಅವರೆಕಾಯಿ ಮುಗಿದ ಮೇಲೂ ಬರಿಗೈಯಲ್ಲಿ ಕೂತಿದ್ದರು. ಇಷ್ಟು ವರ್ಷ ಅವಳು ಕೂಡಿಟ್ಟದ್ದು ಒಂದು ಸಂಜೆಗೆ ಮುಗಿಯುವುದಲ್ಲ, ಮಾರನೆಯ ಸಂಜೆಯೂ ಕೂತರು, ಅದರ ಮಾರನೆಯ ಸಂಜೆಯೂ. ಎರಡನೇ ಮಾತು ಬರಲಿಲ್ಲ. ಮಾವ ಅದಕ್ಕೆ ಕಾಯುತ್ತಿರಲೂ ಇಲ್ಲ. "ಆ ಮಾತಿನಾಗೆ ಎಷ್ಟು ಕ್ವಾಣೆ ಅದಾವಲೇ ಕೊಟ್ರಾ" ಎಂದು ಒಮ್ಮೆ ಅಂಗಡಿಯಲ್ಲಿ ಅಂದ. "ನಾನು ತಲೆಬಾಗಿಲಲ್ಲೇ ನಿಂತು ಏಳು ವರ್ಷ ಕಳದೆ."

ಒಂದು ಸಂಜೆ ಊಟವಾದ ಮೇಲೂ ಅವರ ಮಾತು ನಡೆದಿತ್ತು. ನಾನು ನೆನಪಿಸಿದೆ, "ಮಾವ, ನಿನ್ನ ಕೊನೇ ಮಾತು ಹೇಳಿಲ್ಲ ನೀನು. ಬೀಗದ್ದು." ಅವನು ನೊಣ ಓಡಿಸುವ ಹಾಗೆ ನನ್ನ ಕಡೆ ಕೈ ಬೀಸಿ, ಅತ್ತೆಯ ಕಡೆಗೇ ತಿರುಗಿ, "ಹೇಳು, ಕೇಳ್ತೀನಿ" ಅಂದ. ಮಾರನೇ ಬೆಳಿಗ್ಗೆ ನಾನು ಚಹಾ ಲೋಟ ಕೊಟ್ಟು ಸಕ್ಕರೆ ಸರಿಯಾಗಿದೆಯೇ ಎಂದು ಕೇಳಿದೆ. "ಹೇಳು, ಕೇಳ್ತೀನಿ" ಅಂದ. ಅತ್ತೆ ಒಲೆಯ ಮುಂದಿನಿಂದ ತಿರುಗಿ ನೋಡಿದಳು. ಮೊದಲು ನಕ್ಕವಳು ಅತ್ತೆ.

ಈಗ ಕೀಲಿ ಮಾಡಿಸಲು ಬಂದವರು ಕೀಲಿ ಮರೆತು ಕೂರುತ್ತಾರೆ. ಮೊನ್ನೆ ತಾಲ್ಲೂಕಿನ ಸಾಹೇಬರೊಬ್ಬರು ಬೀರುವಿನ ಬೀಗ ತಂದಿದ್ದರು. ಅವರಿಗೂ ಏಕವಚನವೇ. ಬೇಸರಪಡದೆ ತಮ್ಮ ಹಲ್ಲುನೋವಿನಿಂದ ಹಿಡಿದು ಅಳಿಯನವರೆಗೆ ಒಂದು ಗಂಟೆ ಹೇಳಿ ಎದ್ದುಹೋದರು, ಬೀಗ ಇಲ್ಲೇ ಉಳಿಯಿತು. "ಇವನ ಅಂಗಡಿ ಮುಂದೆ ಕೂತೋರಿಗೆ ಚಹಾ ಕೊಟ್ಟು ಕೊಟ್ಟು ನನ್ನ ಕೈ ಬಿದ್ದೋಯ್ತು" ಎಂದು ಸಾಕವ್ವ ಬೈಯುತ್ತಾಳೆ, ಆಮೇಲೆ ತಾನೂ ಕೂರುತ್ತಾಳೆ. ಊರಿನ ಮರ್ಯಾದೆಯೂ ಚೂರು ಸಡಿಲವಾಗಿದೆ. ಪೋಸ್ಟ್‌ಮ್ಯಾನ್ ರುದ್ರಮುನಿಯನ್ನು ಜನ ಎರಡೆರಡು ಸಲ ಮಾತಾಡಿಸುತ್ತಾರೆ. ಮೇಷ್ಟ್ರನ್ನು ಮಾತ್ರ ಇನ್ನೂ ಒಂದೇ ಸಲ.

ಮಧ್ಯಾಹ್ನ ನಾವು ಇನ್ನೂ ಆಡುತ್ತೇವೆ. ರಾಕ್ಷಸ ಇನ್ನೂ ಸೋತಿಲ್ಲ, ಮರದ ದೊಣ್ಣೆಗೆ ಸೋಲುವಂಥವನಲ್ಲ ಅವನು. ನಾವು ಹೋಗುವುದು, ಸೋಲುವುದು, ಧರ್ಮಶಾಲೆಯಲ್ಲಿ ಮಲಗಿ ಎದ್ದು ಮತ್ತೆ ಹೊರಡುವುದು. ದಾರಿಯಲ್ಲಿ ಸಿಕ್ಕ ಒಬ್ಬೊಬ್ಬರನ್ನೂ ಎರಡು ಸಲ, ಮೂರು ಸಲ ಮಾತಾಡಿಸುತ್ತೇವೆ. ಅವರು ಏನಂದರೋ ಅದನ್ನು ಒಂದಕ್ಷರ ಸೇರಿಸದೆ ನಾನು ಕನ್ನಡದಲ್ಲಿ ಹೇಳುತ್ತೇನೆ.

ಸಂಜೆ ಅಂಗಳದಲ್ಲಿ ಅತ್ತೆಯದೊಂದು, ಮಾವನದೊಂದು, ಮತ್ತೆ ಅತ್ತೆಯದು. ಹೊಸಬರಿಗೆ ಅದು ಜಗಳದ ಹಾಗೆ ಕೇಳುತ್ತದೆ, ಒಮ್ಮೊಮ್ಮೆ ಅದು ಜಗಳವೇ. ನಾನು ಒಳಗೆ ಕೂತು ಕೇಳಿಸಿಕೊಳ್ಳುತ್ತೇನೆ. ಆ ಹಳೆಯ ಸಂಜೆ ಅವಳು ಏನು ಮಾಡು ಅಂದಿದ್ದಳೆಂದು ಮಾವನಿಗೆ ಇಷ್ಟರಲ್ಲಿ ತಿಳಿದಿರಬಹುದು, ತಿಳಿಯದೆಯೂ ಇರಬಹುದು. ನಾನು ಕೇಳಿಲ್ಲ, ಕೇಳಿದರೂ ಅವನಿಗೆ ಈಗ ಹೇಳಲಾಗದು. ತಪ್ಪಾಯ್ತು ಎಂದು ಮಾವ ಅವಳಿಗೆ ಕೊನೆಗೂ ಹೇಳಲಿಲ್ಲ.